ಪುಟ್ಟಿಯ ಸೀರಿಯಲ್ ಆಸೆ, ಆ 45,000 ರೂಪಾಯಿ: ಅಕ್ಕನಿಗೆ ಉತ್ತರ

ಅಕ್ಕಾ, ನೀನು ಬೆಳಿಗ್ಗೆ ನಮ್ಮ ಮನೆ ಗ್ರೂಪಿಗೆ ಹಾಕಿದ ಮೆಸೇಜು ಪೂರ್ತಿ ಕೇಳಿದೆ. ಬೆಂಗಳೂರಿನ ಯಾರೋ ಕೋಆರ್ಡಿನೇಟರ್ ಫೋನ್ ಮಾಡಿ, ನಿಮ್ಮ ಮಗಳು ನಾಯಕಿಯ ತಂಗಿ ಪಾತ್ರಕ್ಕೆ ಸೆಲೆಕ್ಟ್ ಆಗಿದಾಳೆ, ಪೋರ್ಟ್‌ಫೋಲಿಯೋ ಅನ್ನೋ ಫೋಟೋ ಆಲ್ಬಮ್ಮಿಗೆ, ಆರ್ಟಿಸ್ಟ್ ಕಾರ್ಡಿಗೆ ಅಂತ 45,000 ಕಟ್ಟಿ ಅಂದ ಅಂತೀಯ. ಭಾವ ಇದೆಲ್ಲಾ ಬೇಡ, ಬ್ಯಾಂಕ್ ಪರೀಕ್ಷೆ ಬರೀಲಿ ಅಂತಿದಾರೆ. ಪುಟ್ಟಿ ಕೇಳ್ತಿರೋದು ಬೇರೆ, ಆಂಕರಿಂಗ್ ಒಳ್ಳೇದಾ, ಆಕ್ಟಿಂಗ್ ಒಳ್ಳೇದಾ ಅಂತ. ಚಿಕ್ಕಮ್ಮ ಅವರ ಮೊಮ್ಮಗನ ರಿಯಾಲಿಟಿ ಶೋ ಬಗ್ಗೆ ಕೇಳಿದಾರೆ. ಎಲ್ಲದಕ್ಕೂ ಉತ್ತರ ಇದೆ, ಸ್ವಲ್ಪ ಉದ್ದ ಆಗತ್ತೆ, ಅಡುಗೆ ಕೆಲಸ ಮುಗಿಸ್ಕೊಂಡು ಕೇಳು.

ಮೊದಲು ದುಡ್ಡಿನ ವಿಷಯ. ಒಂದು ರೂಪಾಯಿನೂ ಹಾಕ್ಬೇಡ. ಸೀರಿಯಲ್‌ನಲ್ಲಿ ದುಡ್ಡು ಪ್ರೊಡಕ್ಷನ್‌ನಿಂದ ಕಲಾವಿದರ ಕಡೆ ಬರತ್ತೆ, ಕಲಾವಿದರಿಂದ ಆ ಕಡೆ ಹೋಗಲ್ಲ. ಆಡಿಷನ್ನಿಗೆ ಫೀಸಿಲ್ಲ, ಆಡಿಷನ್ ಕೊಡೋಕೆ ಯಾವ ಕಾರ್ಡೂ ಬೇಕಿಲ್ಲ. ಆಮೇಲೆ ಇನ್ನೊಂದು ಗಮನಿಸು, ನಿಜವಾದ ಆಯ್ಕೆ ಫೋಟೋ ನೋಡಿ ಫೋನಲ್ಲೇ ಮುಗಿಯಲ್ಲ. ಫೋಟೋ, ವಿಡಿಯೋ ತರಿಸ್ಕೋತಾರೆ, ಕರೆಸಿ ಡೈಲಾಗ್ ಹೇಳಿಸ್ತಾರೆ, ಆಮೇಲೆ ಲುಕ್ ಟೆಸ್ಟ್, ಅಂದ್ರೆ ಪಾತ್ರದ ವೇಷ ಹಾಕಿಸಿ ನೋಡೋದು. ಮುಖ್ಯ ಪಾತ್ರವಾದ್ರೆ ಎದುರಿನ ಕಲಾವಿದರ ಜೊತೆ ನಿಲ್ಲಿಸಿ ಒಂದೆರಡು ಸೀನ್ ಮಾಕ್ ಶೂಟ್ ಮಾಡ್ತಾರೆ. ಅದು ಚಾನೆಲ್‌ಗೆ ಹೋಗಿ, ಅಲ್ಲಿ ಒಪ್ಪಿದ ಮೇಲೇ ಮಾತು ಪಕ್ಕಾ. ಇಷ್ಟೂ ಆಗದೆ ಸೆಲೆಕ್ಟ್ ಅಂದವನು ಸುಳ್ಳು ಹೇಳ್ತಿದಾನೆ. ಯಾವ ಚಾನೆಲ್, ಯಾವ ನಿರ್ಮಾಣ ಸಂಸ್ಥೆ, ಯಾವ ಸೀರಿಯಲ್ ಅಂತ ಬರವಣಿಗೆಯಲ್ಲಿ ಕೇಳು, ಆಮೇಲೆ ಅವನು ಕೊಟ್ಟ ನಂಬರ್ ಬಿಟ್ಟು ಆ ಚಾನೆಲ್ ಆಫೀಸಿಗೇ ಫೋನ್ ಮಾಡಿ ವಿಚಾರಿಸು. ಅಡ್ವಾನ್ಸ್ ಅಂತ ಈಗಾಗ್ಲೇ ಏನಾದ್ರೂ ಕಳಿಸಿದ್ರೆ ಮುಚ್ಚಿಡ್ಬೇಡ, ಈಗಿಂದೀಗ್ಲೇ 1930ಕ್ಕೆ ಫೋನ್ ಮಾಡು. ಸೈಬರ್ ವಂಚನೆ ದೂರಿನ ನಂಬರ್ ಅದು, ತಡ ಆದಷ್ಟೂ ದುಡ್ಡು ತಡೆಹಿಡಿಯೋದು ಕಷ್ಟ.

ಪೋರ್ಟ್‌ಫೋಲಿಯೋಗೆ ಸ್ಟುಡಿಯೋನೂ ಬೇಡ. ಫೋನಲ್ಲೇ ಆಗತ್ತೆ. ಬೆಳಿಗ್ಗೆ ಕಿಟಕಿ ಕಡೆ ಮುಖ ಮಾಡಿ ನಿಲ್ಲಿಸು, ಹಿಂದೆ ಖಾಲಿ ಗೋಡೆ ಇರ್ಲಿ. ಎದುರಿಂದ ಒಂದು, ಎಡಕ್ಕೊಂದು, ಬಲಕ್ಕೊಂದು, ತಲೆಯಿಂದ ಪಾದದವರೆಗೆ ಒಂದು, ಸೀರೆಯಲ್ಲಿ ಒಂದು, ಐದು ಫೋಟೋ ಸಾಕು. ಫಿಲ್ಟರ್ ಹಾಕ್ಲೇಬಾರ್ದು. ಫೋಟೋದಲ್ಲಿ ಇಲ್ಲದ ಮುಖ ಬಾಗಿಲಲ್ಲಿ ಬಂದು ನಿಂತ್ರೆ ಕರೆದವರಿಗೆ ಅಲ್ಲೇ ಬೇಜಾರು. ವಿಡಿಯೋಗೆ ಫೋನ್ ಅಡ್ಡ ಹಿಡಿದು ಕಣ್ಣಿನ ಮಟ್ಟಕ್ಕೆ ಇಡಿ, ಫ್ಯಾನ್ ಆರಿಸಿ. ಮೊದಲ ಅರ್ಧ ನಿಮಿಷ ಹೆಸರು, ವಯಸ್ಸು, ಎತ್ತರ, ಊರು, ಯಾವ ಭಾಷೆ ಬರತ್ತೆ, ಸ್ಕೂಟರ್ ಓಡಿಸ್ತಾಳಾ, ಡಾನ್ಸ್ ಬರತ್ತಾ. ಆಮೇಲೆ ಒಂದು ನಿಮಿಷದ ಸೀನು. ಎದುರು ಪಾತ್ರದ ಮಾತನ್ನ ಭಾವ ಕ್ಯಾಮೆರಾ ಪಕ್ಕದಲ್ಲೇ ನಿಂತು ಮೆಲ್ಲಗೆ ಓದ್ಲಿ, ಅವಳು ಅವರನ್ನ ನೋಡ್ಲಿ, ಲೆನ್ಸ್ ನೋಡ್ಬಾರ್ದು. ಬಹಳ ಮಕ್ಕಳು ಮೊದಲ ಸೆಕೆಂಡಲ್ಲೇ ಅಳು ಶುರು ಮಾಡ್ತಾರೆ. ನೋಡೋರಿಗೆ ಬೇಕಾಗಿರೋದು ಅಳು ಬರೋ ಮುಂಚಿನ ಗಳಿಗೆ, ಎದುರಿನವರ ಮಾತು ಕೇಳಿಸ್ಕೊಳ್ಳೋ ಮುಖ.

ಈಗ ಭಾವನಿಗೆ. ಭಾವ, ನಿಮ್ಮ ಆತಂಕದಲ್ಲಿ ತಪ್ಪಿಲ್ಲ. ಇದು ತಿಂಗಳ ಸಂಬಳದ ಕೆಲಸವೇ ಅಲ್ಲ, ದಿನದ ಲೆಕ್ಕ. ಎಷ್ಟು ದಿನ ಕರೀತಾರೋ ಅಷ್ಟಕ್ಕೆ ದುಡ್ಡು. ಲೆಕ್ಕ ಅರ್ಥ ಆಗ್ಲಿ ಅಂತ ದಿನಕ್ಕೆ 3,000, ತಿಂಗಳಿಗೆ 12 ದಿನ ಅಂದ್ಕೊಳ್ಳಿ. 36,000 ಆಯ್ತು. ದುಡ್ಡು ಕೊಡೋವಾಗ್ಲೇ ಹಿಡಿಯೋ ತೆರಿಗೆ, ಅಂದ್ರೆ ಟಿಡಿಎಸ್, 10% ಹೋದ್ರೆ 32,400. ಪ್ಯಾನ್ ಕೊಡದೇ ಇದ್ರೆ 20% ಹಿಡೀತಾರೆ. ಹಿಡಿದದ್ದು ರಿಟರ್ನ್ಸ್ ಹಾಕಿದಾಗ ಹೊಂದಾಣಿಕೆ ಆಗತ್ತೆ, ಅದಕ್ಕೇ ಮೊದಲ ವರ್ಷದಿಂದ್ಲೇ ರಿಟರ್ನ್ಸ್ ಹಾಕ್ಬೇಕು. ಈ 32,400ರಲ್ಲೇ ಬೆಂಗಳೂರಿನ ಪಿಜಿ, ಊಟ, ಓಡಾಟ. ಅದರ ಮೇಲೆ ಬಟ್ಟೆ. ಹಲವು ಸೀರಿಯಲ್‌ಗಳಲ್ಲಿ ಸೀರೆ, ಬ್ಲೌಸು, ಬಳೆ, ಸರ ಎಲ್ಲಾ ಕಲಾವಿದೆಯೇ ತರ್ಬೇಕು, ಶ್ರೀಮಂತರ ಮನೆ ಪಾತ್ರ ಆದ್ರೆ ದಿನಕ್ಕೊಂದು ಬದಲಾಯಿಸ್ಬೇಕು. ಮೊದಲ ತಿಂಗಳ ದುಡಿಮೆ ಬಟ್ಟೆಗೇ ಹೋಯ್ತು ಅನ್ನೋ ಹೆಣ್ಣುಮಕ್ಕಳು ತುಂಬಾ ಜನ. ಮಾಡಿದ ಕೆಲಸದ ದುಡ್ಡು ಅದೇ ತಿಂಗಳು ಕೈಗೆ ಬರಲ್ಲ, ಎರಡು ಮೂರು ತಿಂಗಳು ಹಿಂದೆ ಬೀಳೋದು ಮಾಮೂಲು. ಅದಕ್ಕೇ ಆರು ತಿಂಗಳ ಖರ್ಚು ಬ್ಯಾಂಕಲ್ಲಿ ಇಲ್ಲದೆ ಬೆಂಗಳೂರಿಗೆ ಹೋಗೋದು ಬೇಡ. 2020ರ ಮಾರ್ಚಿನಲ್ಲಿ ಶೂಟಿಂಗೆಲ್ಲಾ ನಿಂತಾಗ ಚಾನೆಲ್‌ಗಳು ಹಳೇ ಎಪಿಸೋಡು ಹಾಕಿದ್ವು, ಸ್ಟಾರ್ ಸುವರ್ಣದಲ್ಲಿ ಕನ್ನಡಕ್ಕೆ ಡಬ್ ಆದ ಮಹಾಭಾರತ ಬಂತು, ಟಿವಿ ನಿಲ್ಲಲಿಲ್ಲ. ದಿನಗೂಲಿ ಲೆಕ್ಕದ ಕಲಾವಿದರ, ತಂತ್ರಜ್ಞರ ಆದಾಯ ಮಾತ್ರ ನಿಂತೋಯ್ತು.

ಕೆಲಸದ ರೀತಿನೂ ಗೊತ್ತಿರ್ಲಿ. ಅರ್ಧ ಗಂಟೆಯ ಸ್ಲಾಟಿನಲ್ಲಿ ಜಾಹೀರಾತು ಬಿಟ್ರೆ ಸುಮಾರು 22 ನಿಮಿಷದ ಕಥೆ, ವಾರಕ್ಕೆ ಐದೋ ಆರೋ ಎಪಿಸೋಡು. ಅಂದ್ರೆ ಹೆಚ್ಚುಕಮ್ಮಿ ದಿನಕ್ಕೊಂದು ಎಪಿಸೋಡು ಚಿತ್ರೀಕರಣ ಆಗ್ಲೇಬೇಕು. ಮುಂಚಿತವಾಗಿ ಮುಗಿಸಿಟ್ಟ ಎಪಿಸೋಡಿಗೆ ಬ್ಯಾಂಕ್ ಅಂತಾರೆ, ಬ್ಯಾಂಕ್ ಖಾಲಿ ಆದ ವಾರ ರಾತ್ರಿ ಶೂಟಿಂಗ್ ಗ್ಯಾರಂಟಿ. ಸೀನ್ ಪೇಪರ್ ಎಷ್ಟೋ ಸಲ ಮೇಕಪ್ ಕುರ್ಚಿಯಲ್ಲಿ ಕೂತಾಗ್ಲೇ ಕೈಗೆ ಬರತ್ತೆ. ಮೊದಲು ಎಲ್ಲರೂ ಇರೋ ಮಾಸ್ಟರ್ ಶಾಟ್, ಆಮೇಲೆ ಒಬ್ಬೊಬ್ಬರ ಕ್ಲೋಸಪ್, ಕೊನೆಗೆ ಬರೀ ರಿಯಾಕ್ಷನ್. ಒಂದೇ ಮಾತನ್ನ ನಾಲ್ಕು ಸಲ ಅದೇ ಜಾಗದಲ್ಲಿ ಅದೇ ಕೈ ಎತ್ತಿ ಹೇಳ್ಬೇಕು. ಹೊಸಬರು ಎಡವೋದು ಇಲ್ಲೇ. ಮಾಸ್ಟರ್‌ನಲ್ಲಿ ಲೋಟ ಬಲಗೈಲಿ, ಕ್ಲೋಸಪ್‌ನಲ್ಲಿ ಎಡಗೈಲಿ, ಆ ಶಾಟ್ ಜೋಡಿಸೋಕೇ ಬರಲ್ಲ. ಹಾಗೆ ಎರಡು ದಿನ ಆದ್ರೆ ಮುಂದಿನ ಸೀನುಗಳಲ್ಲಿ ಮಾತು ಕಡಿಮೆ ಆಗತ್ತೆ. ಯಾರೂ ಬೈಯಲ್ಲ, ಸುಮ್ನೆ ಕಡಿಮೆ ಆಗತ್ತೆ.

ಯಾವ ಸೀರಿಯಲ್ ಎಷ್ಟು ಜನ ನೋಡಿದ್ರು ಅಂತ ಹೇಳೋ ಬಾರ್ಕ್ ರೇಟಿಂಗ್ ಪ್ರತಿ ಗುರುವಾರ ಬರತ್ತೆ. ಅದು ಇಳೀತಾ ಹೋದ್ರೆ ಕಥೆಯ ಟ್ರ್ಯಾಕ್ ಬದಲು, ಆಮೇಲೆ ಸಮಯ ಬದಲು, ಪಾತ್ರಗಳು ವಿದೇಶಕ್ಕೆ ಹೋಗೋದು, ಸಾಯೋದು. ತಂಗಿ ಪಾತ್ರದಂಥವು ಮೊದಲು ಕಾಣೆಯಾಗತ್ವೆ. ಅದು ಆ ಹುಡುಗಿಯ ತಪ್ಪಲ್ಲ, ಆದ್ರೆ 20, 21ನೇ ವಯಸ್ಸಿಗೆ ಹಾಗನ್ಸಲ್ಲ. ಭಾವ, ನನ್ನ ಚಿಂತೆ ದುಡ್ಡಿಗಿಂತ ಈ ಪೆಟ್ಟಿನ ಬಗ್ಗೆ. ಅದನ್ನ ತಡ್ಕೊಳ್ಳೋಕೆ ಕೈಯಲ್ಲೊಂದು ಡಿಗ್ರಿ, ಜೊತೆಗೊಂದು ವಿದ್ಯೆ ಇರ್ಬೇಕು. ಕೊನೆ ಸೆಮಿಸ್ಟರ್ ಬಿಡೋ ಮಾತೇ ಬೇಡ.

ಇನ್ನು ಪುಟ್ಟಿ, ನಿನ್ನ ಪ್ರಶ್ನೆ. ಆಕ್ಟಿಂಗ್, ಆಂಕರಿಂಗ್ ಎರಡೂ ಒಂದೇ ಟಿವಿಯಲ್ಲಿ ಕಂಡ್ರೂ ಬೇರೆ ಬೇರೆ ಕಸುಬು. ಕನ್ನಡದಲ್ಲಿ ಸೀರಿಯಲ್‌ನಿಂದ ಸಿನಿಮಾಕ್ಕೆ ದಾರಿ ಇದೆ ಅನ್ನೋದು ನಿಜ. ಯಶ್, ರಾಧಿಕಾ ಪಂಡಿತ್ ಇಬ್ಬರೂ ನಂದಗೋಕುಲ ಸೀರಿಯಲ್‌ನಲ್ಲಿದ್ರು, 2008ರ ಮೊಗ್ಗಿನ ಮನಸಿಗೆ ಬಂದ್ರು. ರಚಿತಾ ರಾಮ್ ಅರಸಿ ಸೀರಿಯಲ್ ಮಾಡಿ 2013ರಲ್ಲಿ ಬುಲ್ ಬುಲ್. ಗಣೇಶ್ ಉದಯ ಟಿವಿಯ ಕಾಮಿಡಿ ಟೈಮ್‌ನಿಂದ ಬಂದು 2006ರಲ್ಲಿ ಮೊದಲು ಚೆಲ್ಲಾಟ, ವರ್ಷದ ಕೊನೆಗೆ ಮುಂಗಾರು ಮಳೆ. ನಾವು ಈ ನಾಲ್ಕು ಹೆಸರು ಹೇಳ್ತೀವಿ, ಅದೇ ಕಾಲದಲ್ಲಿ ಅದೇ ಸೆಟ್ಟಿನಲ್ಲಿದ್ದ ಉಳಿದವರ ಹೆಸರು ಹೇಳಲ್ಲ, ಅದನ್ನ ಮರೀಬೇಡ. ಆಮೇಲೆ ಯಶ್ ಒಂದೇ ಜಿಗಿತಕ್ಕೆ ಹೀರೋ ಆದವರಲ್ಲ, ಬೆನಕ ನಾಟಕ ತಂಡದಲ್ಲಿ ತೆರೆಯ ಹಿಂದೆ ದುಡಿದು ಬಂದವರು.

ಆಂಕರಿಂಗ್ ಕುರ್ಚಿಗಳು ಇನ್ನೂ ಕಡಿಮೆ. ಯಾಕೆ ಅಂದ್ರೆ ದೊಡ್ಡ ಶೋಗಳ ನಿರೂಪಣೆ ಸಿನಿಮಾ ನಟರ ಕೈಗೆ ಹೋಗಿದೆ. 2012ರಲ್ಲಿ ಕನ್ನಡದ ಕೋಟ್ಯಧಿಪತಿಗೆ ಪುನೀತ್ ಬಂದ್ರು, 2013ರಲ್ಲಿ ಬಿಗ್ ಬಾಸ್‌ಗೆ ಸುದೀಪ್, 2014ರಲ್ಲಿ ವೀಕೆಂಡ್ ವಿತ್ ರಮೇಶ್‌ಗೆ ರಮೇಶ್ ಅರವಿಂದ್. ಸ್ಪಾನ್ಸರ್‌ಗಳಿಗೆ ಗೊತ್ತಿರೋ ಮುಖ ಬೇಕು. ಹಾಗಾಗಿ ಬರೀ ನಿರೂಪಣೆಯನ್ನೇ ನಂಬಿದವರಿಗೆ ಉಳಿಯೋದು ಹಾಡು, ಡಾನ್ಸು, ಅಡುಗೆ ಕಾರ್ಯಕ್ರಮ, ವೇದಿಕೆ ಸಮಾರಂಭ. ಹಾಗಿದ್ರೂ ನಿರೂಪಕಿ ಅನುಶ್ರೀ ಬೆಳೆದ್ರು. ಅವರು ಶುರು ಮಾಡಿದ್ದು ಮಂಗಳೂರಿನ ಸ್ಥಳೀಯ ಚಾನೆಲ್‌ನಲ್ಲಿ, ಬೆಂಗಳೂರಲ್ಲಲ್ಲ. ಸಣ್ಣ ಕಡೆ ಗಂಟೆಗಟ್ಟಲೆ ಮಾತಾಡಿದ ಅಭ್ಯಾಸ ದೊಡ್ಡ ವೇದಿಕೆಯಲ್ಲಿ ಕೆಲಸಕ್ಕೆ ಬರತ್ತೆ. ಅಲ್ಲಿ ಕಿವಿಯಲ್ಲಿ ಟಾಕ್‌ಬ್ಯಾಕ್ ಇರತ್ತೆ, ಒಳಗಿಂದ ನಿರ್ದೇಶಕರು ಇನ್ನೊಂದು ನಿಮಿಷ ಎಳೀರಿ, ಜಡ್ಜ್ ಕಡೆ ತಿರುಗಿ ಅಂತ ಹೇಳ್ತಾನೇ ಇರ್ತಾರೆ, ನೀನು ಅದನ್ನ ಕೇಳಿಸ್ಕೊಂಡೂ ಎದುರಿಗಿರೋ ಮಗುವಿನ ಜೊತೆ ಮಾತು ತಪ್ಪದೆ ಆಡ್ಬೇಕು. ಸ್ಪಾನ್ಸರ್ ಹೆಸರು ಒಂದಕ್ಷರ ಬಿಟ್ರೂ ರೀಟೇಕ್.

ನೀನು ನಿರೂಪಕಿ ಅಪರ್ಣಾ ಅವರ ದನಿ ಕೇಳು. ಪುಟ್ಟಣ್ಣ ಕಣಗಾಲರ ಮಸಣದ ಹೂವು ಸಿನಿಮಾದಲ್ಲಿ ನಟಿಯಾಗಿ ಬಂದ್ರು. ನಾಯಕಿ ದಾರಿಯನ್ನೇ ನೆಚ್ಕೊಳ್ಳದೆ ಆಕಾಶವಾಣಿ, ದೂರದರ್ಶನ, ಸರ್ಕಾರಿ ಸಮಾರಂಭ, ಆಮೇಲೆ ನಮ್ಮ ಮೆಟ್ರೋದ ದನಿ, ಮಜಾ ಟಾಕೀಸ್‌ನಲ್ಲಿ ವರಲಕ್ಷ್ಮಿಯಾಗಿ ಹಾಸ್ಯ. 2024ರ ಜುಲೈನಲ್ಲಿ ತೀರಿಕೊಳ್ಳೋವರೆಗೆ ಸುಮಾರು 40 ವರ್ಷ. ಮುಖ ಹಳೆಯದಾಗತ್ತೆ ಅನ್ನೋ ಭಯ ಈ ಕ್ಷೇತ್ರದಲ್ಲಿ ಎಲ್ಲರಿಗೂ ಇದೆ, ಅವರನ್ನ ಅಷ್ಟು ವರ್ಷ ನಡೆಸಿದ್ದು ಕನ್ನಡ. ನನ್ನ ಮಾತು ಇಷ್ಟೇ ಪುಟ್ಟಿ, ಎರಡರಲ್ಲಿ ಯಾವುದು ಆರಿಸ್ಕೊಂಡ್ರೂ ಮೊದಲ ಒಂದು ವರ್ಷ ಮಾತಿಗೆ, ರಂಗಕ್ಕೆ ಕೊಡು.

ಮಾತು ಅಂದ್ರೆ ಹೀಗೆ. ನಮ್ಮ ಕಡೆಯವರಿಗೆ ಹಕಾರ ಜಾರತ್ತೆ. ಹಾಸನ ಹೋಗಿ ಆಸನ ಆಗತ್ತೆ, ಹಾಲು ಆಲು ಆಗತ್ತೆ. ಭಾಗ್ಯ ಬಾಗ್ಯ ಆಗತ್ತೆ, ಶ ಷ ಸ ಮೂರೂ ಒಂದೇ ಆಗತ್ವೆ. ಕೆಲವರು ಹೆದರಿ ಇಲ್ಲದ ಕಡೆಗೂ ಹಕಾರ ಸೇರಿಸ್ತಾರೆ, ಅಕ್ಕಿ ಹಕ್ಕಿ ಆಗ್ಬಿಡತ್ತೆ, ಅದಿನ್ನೂ ಕಷ್ಟ. ದಿನಾ 20 ನಿಮಿಷ ಪತ್ರಿಕೆಯ ಸಂಪಾದಕೀಯ ಜೋರಾಗಿ ಓದಿ ರೆಕಾರ್ಡ್ ಮಾಡು, ಕೇಳು, ತಪ್ಪಿದ ಪದಕ್ಕೆ ಗೆರೆ ಹಾಕಿ ಆ ವಾಕ್ಯವನ್ನಷ್ಟೇ ಮತ್ತೆ ಓದು. ಹಾಗಂತ ನಮ್ಮೂರ ಕನ್ನಡ ಕಳ್ಕೋಬೇಡ, ಸೀರಿಯಲ್‌ನಲ್ಲಿ ಹಳ್ಳಿ ಪಾತ್ರಕ್ಕೆ ಅದೇ ಬೇಕು. ಎರಡೂ ಬರ್ಬೇಕು, ಬೇಕಾದಾಗ ಬೇಕಾದ್ದು ಬಾಯಿಗೆ ಬರ್ಬೇಕು. ಹಾಸನದಲ್ಲೇ ಆಕಾಶವಾಣಿ ಕೇಂದ್ರ ಇದೆ. ಆಕಾಶವಾಣಿಯವರು ಹಂಗಾಮಿ ಉದ್ಘೋಷಕರನ್ನ ಲಿಖಿತ ಪರೀಕ್ಷೆ, ಧ್ವನಿ ಪರೀಕ್ಷೆ ಮಾಡಿ ತಗೋತಾರೆ, ಪ್ರಕಟಣೆ ಯಾವಾಗ ಅಂತ ಹೋಗಿ ವಿಚಾರಿಸು. ದುಡ್ಡು ಕಡಿಮೆ, ಕಲಿಕೆ ದೊಡ್ಡದು.

ರಂಗಕ್ಕೆ ಒಂದು ವರ್ಷದ ಡಿಪ್ಲೊಮಾಗಳಿವೆ, ಹೆಗ್ಗೋಡಿನ ನೀನಾಸಮ್, ಹೊಸದುರ್ಗದ ಹತ್ತಿರ ಸಾಣೇಹಳ್ಳಿ, ಮೈಸೂರಿನ ರಂಗಾಯಣದ ರಂಗಶಾಲೆ. ಅಚ್ಯುತ್ ಕುಮಾರ್, ಮಂಡ್ಯ ರಮೇಶ್ ನೀನಾಸಮ್‌ನವರು, ಸತೀಶ್ ಅಂತೂ ಆ ಹೆಸರನ್ನೇ ಜೊತೆಗಿಟ್ಕೊಂಡಿದಾರೆ. ಅಚ್ಯುತ್ ಅವರಂಥ ಪೋಷಕ ನಟರಿಗೆ ವರ್ಷಪೂರ್ತಿ ಕೆಲಸ ಇರೋದನ್ನ ಗಮನಿಸು, ಹೀರೋಗಳಿಗಿಂತ ಅವರ ಬದುಕು ಸ್ಥಿರ. ನಾಟಕದಲ್ಲಿ ದನಿ ಕೊನೆ ಸಾಲಿಗೆ ತಲುಪ್ಬೇಕು, ಕ್ಯಾಮೆರಾಗೆ ಅಷ್ಟು ಬೇಡ. ಅಲ್ಲಿಂದ ಬಂದವರು ಮೊದಮೊದಲು ಹುಬ್ಬು, ಕೈ ಜಾಸ್ತಿ ಆಡಿಸ್ತಾರೆ. ತಗ್ಗಿಸೋದು ಸುಲಭ ಕಣೆ, ಇಲ್ಲದ್ದನ್ನ ಸೆಟ್ಟಿನಲ್ಲಿ ನಿಂತು ಕಲಿಯೋದು ಕಷ್ಟ.

ತೆಲುಗು ಸೀರಿಯಲ್ ಬಗ್ಗೆನೂ ನೀನು ಕೇಳಿದ್ದೀಯ. ಹೌದು, ಅಲ್ಲಿ ನಮ್ಮ ಕನ್ನಡದವರು ಬಹಳ ಜನ ಇದಾರೆ. ಗುಪ್ಪೆಡಂತ ಮನಸುನಲ್ಲಿ ಮುಕೇಶ್ ಗೌಡ, ರಕ್ಷಾ ಗೌಡ ಇದ್ರು, 2024ರಲ್ಲಿ ತೆಲುಗು ಬಿಗ್ ಬಾಸ್ ಗೆದ್ದ ನಿಖಿಲ್ ಮೈಸೂರಿನವರು. ತಿಂಗಳಲ್ಲಿ ಕೆಲವು ದಿನ ಒಟ್ಟಿಗೆ ಹೈದರಾಬಾದ್‌ಗೆ ಹೋಗಿ ಬರ್ಬೇಕು. ಭಾಷೆ ಬರದಿದ್ರೆ ಪಕ್ಕದಲ್ಲಿ ಪ್ರಾಂಪ್ಟರ್ ಮಾತು ಹೇಳ್ಕೊಡ್ತಾರೆ, ದನಿ ಇನ್ನೊಬ್ಬರದು. ಆದಾಯಕ್ಕೆ ಒಳ್ಳೇದು, ಆದ್ರೆ ಮೊದಲ ಕೆಲಸವೇ ಅದಾದ್ರೆ ನಿನ್ನ ದನಿ ಬೆಳೆಯಲ್ಲ.

ಅಕ್ಕಾ, ನಾಳೆ ನಿಜವಾದ ಅವಕಾಶವೇ ಬಂದ್ರೆ ಸಹಿ ಹಾಕೋ ಮುಂಚೆ ಇದನ್ನೆಲ್ಲಾ ಕೇಳು. ದಿನಕ್ಕೆಷ್ಟು, ತಿಂಗಳಿಗೆ ಕನಿಷ್ಠ ಎಷ್ಟು ದಿನ, ದುಡ್ಡು ಎಷ್ಟು ದಿನಕ್ಕೆ ಬರತ್ತೆ, ಬಟ್ಟೆ ಯಾರದು, ರಾತ್ರಿ ಮನೆಗೆ ಬಿಡೋ ವಾಹನ ಯಾರದು. ಬೇರೆ ಚಾನೆಲ್‌ನಲ್ಲಿ ಮಾಡ್ಬಾರ್ದು ಅನ್ನೋ ಷರತ್ತು ಒಪ್ಪಂದದಲ್ಲಿ ಇದ್ರೆ, ಅದು ಸೀರಿಯಲ್ ಮುಗಿದ ದಿನಕ್ಕೇ ಮುಗಿಯತ್ತಾ ಇಲ್ಲಾ ಆಮೇಲೂ ಮುಂದುವರಿಯತ್ತಾ ನೋಡು. ಮಧ್ಯೆ ಬಿಡ್ಬೇಕಾದ್ರೆ ಎಷ್ಟು ದಿನದ ನೋಟಿಸು, ದಂಡ ಏನಾದ್ರೂ ಇದೆಯಾ ಅಂತಾನೂ. 10 ಜನ ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡೋ ಕಡೆ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರ್ಲೇಬೇಕು, 2013ರ ಕಾನೂನು. ಸಮಿತಿಯಲ್ಲಿ ಯಾರಿದಾರೆ ಅಂತ ಕೇಳೋಕೆ ಸಂಕೋಚ ಬೇಡ. ಮೀಟಿಂಗ್ ಆಫೀಸಿನಲ್ಲಿ, ಹಗಲಲ್ಲಿ, ನೀನೂ ಜೊತೆಗೆ. ಹೋಟೆಲ್ ರೂಮಿಗೆ ಬನ್ನಿ ಅಂದ್ರೆ ಮಾತು ಅಲ್ಲಿಗೇ ಮುಗೀತು.

ಚಿಕ್ಕಮ್ಮ, ನಿಮ್ಮ ಮೊಮ್ಮಗನ ರಿಯಾಲಿಟಿ ಶೋ ಬಗ್ಗೆ. ಮಕ್ಕಳನ್ನ ದಿನಕ್ಕೆ 5 ಗಂಟೆಗಿಂತ ಹೆಚ್ಚು ದುಡಿಸೋ ಹಾಗಿಲ್ಲ, ಬಿಡುವಿಲ್ಲದೆ 3 ಗಂಟೆ ಮೀರೋ ಹಾಗಿಲ್ಲ, ನಿರ್ಮಾಪಕರು ಜಿಲ್ಲಾಧಿಕಾರಿಗಳ ಅನುಮತಿ ತಗೊಂಡಿರ್ಬೇಕು, ಮಗುವಿನ ಆದಾಯದಲ್ಲಿ ಕನಿಷ್ಠ 20% ಅದರ ಹೆಸರಲ್ಲೇ ಠೇವಣಿ ಇಡ್ಬೇಕು. ಈ ನಾಲ್ಕನ್ನೂ ಮೊದಲ ದಿನವೇ ಕೇಳಿ.

ಪುಟ್ಟಿ, ನಾಳೆ ಬೆಳಿಗ್ಗೆ ಪೇಪರಿನ ಮೊದಲ ಪುಟ ಎರಡು ನಿಮಿಷ ಓದಿ ರೆಕಾರ್ಡ್ ಮಾಡಿ ಕಳಿಸು, ಗ್ರೂಪಿಗೆ ಬೇಡ, ನನ್ನ ನಂಬರಿಗೆ. ಎಲ್ಲೆಲ್ಲಿ ಹಕಾರ ಬಿದ್ದಿದೆ ಅಂತ ಗುರುತು ಹಾಕಿ ವಾಪಸ್ ಕಳಿಸ್ತೀನಿ.