ಬ್ಯಾಕಪ್‌ಗೆ ಯಾವುದು ತಗೊಳ್ಳುವುದು? ಮೂರು ಕೊಟೇಶನ್ ಮುಂದಿಟ್ಟುಕೊಂಡು ಕೂತಿದ್ದೇನೆ

ಉದ್ಯಮಬಾಗ್ ವೈರ್‌ಮನ್, ಬೆಳಗಾವಿ

ನಮಸ್ಕಾರ. ಉದ್ಯಮಬಾಗದ ಒಂದು ಸಣ್ಣ ಮಷೀನ್ ಶಾಪ್‌ನಲ್ಲಿ ಕಂಪ್ಯೂಟರ್ ವಿಭಾಗ ಅಂದರೆ ನಾನೊಬ್ಬನೇ. ಪ್ರಿಂಟರ್ ನಿಂತರೂ ನನ್ನನ್ನೇ ಕರೆಯುತ್ತಾರೆ, ಸಿಸಿಟಿವಿ ಹೋದರೂ ನನ್ನನ್ನೇ. 22 ಕಂಪ್ಯೂಟರ್, ಒಂದು ವಿಂಡೋಸ್ ಸರ್ವರ್. ಅದರಲ್ಲಿ ಟ್ಯಾಲಿ, ಸ್ಟೋರ್ಸ್ ಲೆಕ್ಕ, ಮತ್ತೆ ಡ್ರಾಯಿಂಗ್, ಸಿಎನ್‌ಸಿ ಪ್ರೋಗ್ರಾಂ ಎಲ್ಲ ಸೇರಿ ಸುಮಾರು 1.4 ಟಿಬಿ.

ಮೊದಲು ನನ್ನ ಮಾನ ಹೋದ ಕಥೆ ಹೇಳಿಬಿಡುತ್ತೇನೆ. ದಿನಾ ಬೆಳಿಗ್ಗೆ ನನಗೆ ಒಂದು ಮೇಲ್ ಬರುತ್ತಿತ್ತು. ಬ್ಯಾಕಪ್ ಯಶಸ್ವಿ, ಪಕ್ಕದಲ್ಲಿ ಹಸಿರು ಟಿಕ್. ಅದನ್ನು ನೋಡಿ ಆರಾಮಾಗಿ ಚಹಾಕ್ಕೆ ಹೋಗುತ್ತಿದ್ದೆ. ಹೋದ ದೀಪಾವಳಿಗೆ ಸರ್ವರ್‌ಗೆ ದೊಡ್ಡ ಡಿಸ್ಕ್ ಹಾಕಿ, ಡೇಟಾ ಎಲ್ಲ ಡಿ ಡ್ರೈವ್‌ನಿಂದ ಇ ಡ್ರೈವ್‌ಗೆ ಸಾಗಿಸಿದೆ. ಬ್ಯಾಕಪ್‌ಗೆ ಈ ಸುದ್ದಿ ಹೇಳುವುದು ಮರೆತೆ. ಅದು ಪಾಪ, ಹಳೇ ಫೋಲ್ಡರನ್ನೇ ಏಳು ತಿಂಗಳು ನಿಷ್ಠೆಯಿಂದ ಕಾಪಿ ಮಾಡುತ್ತಾ ಕೂತಿತ್ತು. ಜೂನ್‌ನಲ್ಲಿ ಒಂದು ಸಂಜೆ ಗುಡುಗು ಮಳೆ, ಕರೆಂಟ್ ಮೂರು ಸಲ ಹೋಗಿ ಬಂತು. ಯುಪಿಎಸ್ ಬ್ಯಾಟರಿ ಮೊದಲೇ ಸತ್ತಿತ್ತು. ಹೊಸ ಡಿಸ್ಕ್ ಟಕ್ ಟಕ್ ಅಂದು ಸುಮ್ಮನಾಯಿತು.

ಟ್ಯಾಲಿ ಉಳಿಯಿತು. ಅದು ನನ್ನಿಂದಲ್ಲ. ಅಕೌಂಟ್ಸ್‌ನ ಅಕ್ಕ ದಿನಾ ಸಂಜೆ ಪೆನ್‌ಡ್ರೈವ್‌ಗೆ ಬ್ಯಾಕಪ್ ತೆಗೆದು ಊಟದ ಡಬ್ಬಿ ಚೀಲದಲ್ಲಿ ಹಾಕಿಕೊಂಡು ಮನೆಗೆ ಒಯ್ಯುತ್ತಿದ್ದರಂತೆ. ಯಾರು ಹೇಳಿದ್ದರು ಅಕ್ಕಾ ಅಂತ ಕೇಳಿದೆ. "ಯಾರೂ ಹೇಳಿಲ್ಲಪಾ, ನಿನ್ನ ಸರ್ವರ್ ಮ್ಯಾಲೆ ನಂಗ ನಂಬಿಕಿ ಇಲ್ಲ" ಅಂದರು.

ಡ್ರಾಯಿಂಗ್‌ಗೆ ಅಂಥ ಅಕ್ಕ ಇರಲಿಲ್ಲ. ಗಿರಾಕಿಗಳಿಂದ ಕೆಲವು ಮತ್ತೆ ತರಿಸಿಕೊಂಡೆವು. ನಮ್ಮದೇ ಫಿಕ್ಸ್‌ಚರ್‌ಗಳ ಡ್ರಾಯಿಂಗ್ ಮಾತ್ರ ಮಷೀನ್ ಪಕ್ಕ ತೂಗುಹಾಕಿದ್ದ ಎಣ್ಣೆ ಮೆತ್ತಿದ ಪ್ರಿಂಟ್ ನೋಡಿ ಮತ್ತೆ ಬರೆಯಬೇಕಾಯಿತು. ಒಂದು ಹಾಳೆಯಲ್ಲಿ ಅಳತೆಯ ಮೇಲೇ ಕೂಲೆಂಟ್ ಕಲೆ. 38ಓ 88ಓ ತಿಳಿಯಲಿಲ್ಲ. ಹಳೇ ಆಪರೇಟರ್ ಕಾಕಾ ಹಾಳೆ ನೋಡದೆ 38 ಅಂದರು. ಅವರಿಗೂ ಬ್ಯಾಕಪ್ ಇಲ್ಲ!

ಈಗ ಮಾಲಕರು ಒಂದೂವರೆ ಲಕ್ಷ ಕೊಡುತ್ತೇನೆ ಅಂದಿದ್ದಾರೆ. ಒಬ್ಬ ಪೂರ್ತಿ ಕ್ಲೌಡ್ ಅನ್ನುತ್ತಾನೆ. ಇನ್ನೊಬ್ಬ ನಾಲ್ಕು ಡಿಸ್ಕಿನ ನ್ಯಾಸ್ (ನೆಟ್‌ವರ್ಕ್‌ಗೆ ಜೋಡಿಸುವ ಡಿಸ್ಕ್ ಪೆಟ್ಟಿಗೆ) ಇಟ್ಟರೆ ಸಾಕು, ರೈಡ್ (ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸುವ ವಿಧಾನ) ಇದೆಯಲ್ಲ ಅನ್ನುತ್ತಾನೆ. ಮೂರನೆಯವನ ಕೊಟೇಶನ್ ಓದಿದರೆ ಅರ್ಥವೇ ಆಗುವುದಿಲ್ಲ. ಯಾವುದು ತಗೊಳ್ಳಲಿ?

ರಾತ್ರಿಪಾಳಿ, ವಿಜಯಪುರ

ಸರ್, ನಾನು ಒಂದು ಆಸ್ಪತ್ರೆಯಲ್ಲಿ ಇದೇ ಕೆಲಸ ಮಾಡುತ್ತೇನೆ. ಕೊಟೇಶನ್ ಪಕ್ಕಕ್ಕಿಡಿ, ಮಾಲಕರಿಗೆ ಎರಡೇ ಪ್ರಶ್ನೆ ಕೇಳಿ. ಎಷ್ಟು ಹೊತ್ತಿನ ಕೆಲಸ ಹೋದರೆ ತಡೆದುಕೊಳ್ಳುತ್ತೀರಿ? ಎಷ್ಟು ಹೊತ್ತು ಕಾರ್ಖಾನೆ ನಿಂತರೆ ತಡೆದುಕೊಳ್ಳುತ್ತೀರಿ? ಮೊದಲನೆಯದಕ್ಕೆ ಆರ್‌ಪಿಒ, ಎರಡನೆಯದಕ್ಕೆ ಆರ್‌ಟಿಒ ಅನ್ನುತ್ತಾರೆ. ಲೈಸನ್ಸ್ ಕೊಡುವ ಆರ್‌ಟಿಒ ಅಲ್ಲ, ನಮ್ಮ ಡಾಕ್ಟರ್ ಒಬ್ಬರು ಹಾಗೇ ತಿಳಿದಿದ್ದರು.

ಬರೀ ಕ್ಲೌಡ್ ಅನ್ನುವವನಿಗೆ ಲೆಕ್ಕ ತೋರಿಸಿ. 100 ಎಂಬಿಪಿಎಸ್ ಲೈನ್ ಪೂರ್ತಿ ವೇಗದಲ್ಲಿ ಓಡಿದರೂ 1.4 ಟಿಬಿ ವಾಪಸ್ ಇಳಿಯಲು 31 ಗಂಟೆ. ಲೈನ್ 20 ಆದರೆ ಆರೂವರೆ ದಿನ. ಅಷ್ಟು ದಿನ ಮಷೀನ್ ನಿಲ್ಲಿಸಿಕೊಂಡು ಕೂರುತ್ತೀರಾ? ಅದಕ್ಕೇ 3-2-1 ಅನ್ನುವುದು. ಡೇಟಾ ಮೂರು ಕಡೆ ಇರಲಿ, ಎರಡು ಬೇರೆ ಬೇರೆ ಮಾಧ್ಯಮದಲ್ಲಿರಲಿ, ಒಂದು ಊರಾಚೆ ಇರಲಿ. ದಿನನಿತ್ಯದ ತೊಂದರೆಗೆ ಪಕ್ಕದ ಕೋಣೆಯ ನ್ಯಾಸ್. ಬೆಂಕಿ, ಕಳ್ಳತನಕ್ಕೆ ಕ್ಲೌಡ್. ಕ್ಲೌಡ್‌ಗೆ ಎಲ್ಲವನ್ನೂ ಕಳಿಸಬೇಡಿ, ಹೋದರೆ ಮತ್ತೆ ಸಿಗದೇ ಇರುವುದನ್ನು ಮಾತ್ರ ಕಳಿಸಿ.

ಹಿನ್ನೀರು, ಬಾಗಲಕೋಟೆ

ಹಳೇ ಬಾಗಲಕೋಟೆಯ ಎಷ್ಟೋ ಭಾಗ ಆಲಮಟ್ಟಿ ಹಿನ್ನೀರಿಗೆ ಹೋಗಿ ನಾವು ನವನಗರಕ್ಕೆ ಬಂದವರು. ಎಲ್ಲ ಒಂದೇ ಜಾಗದಲ್ಲಿ ಇಡಬೇಡಿ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. 2021ರ ಮಾರ್ಚ್‌ನಲ್ಲಿ ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಡೇಟಾ ಸೆಂಟರ್ ಸುಟ್ಟಾಗ, ಕೆಲವು ಗಿರಾಕಿಗಳ ಬ್ಯಾಕಪ್ ಕೂಡ ಅಲ್ಲೇ ಇತ್ತು. ಕ್ಲೌಡ್ ಅಂದರೂ ಅದು ಎಲ್ಲೋ ಒಂದು ಕಟ್ಟಡವೇ ಅಲ್ವಾ.

ರೈಡ್ ಇದೆಯಲ್ಲ ಅಂದವನಿಗೆ ಕೈಮುಗಿದು ಕಳಿಸಿಬಿಡಿ. ಒಂದು ಡಿಸ್ಕ್ ಕೆಟ್ಟರೆ ಕೆಲಸ ನಿಲ್ಲದಿರಲಿ ಅಂತ ರೈಡ್ ಇರುವುದು. ನೀವು ತಪ್ಪಿ ಅಳಿಸಿದರೆ ನಾಲ್ಕೂ ಡಿಸ್ಕಿನಲ್ಲಿ ಒಟ್ಟಿಗೇ ಅಳಿಯುತ್ತದೆ. ರ್‍ಯಾನ್ಸಮ್‌ವೇರ್ ಬಂದರೂ ಅಷ್ಟೇ, ಫೈಲ್‌ಗಳಿಗೆ ಬೀಗ ಜಡಿದು ದುಡ್ಡು ಕೇಳುವ ವೈರಸ್ ಅದು.

ನ್ಯಾಸ್ ತಗೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಸರ್ವರ್ ಅದಕ್ಕೆ ಬರೆಯುವಂತೆ ಮಾಡಬೇಡಿ, ನ್ಯಾಸ್ ತಾನೇ ಸರ್ವರ್‌ನಿಂದ ಎಳೆದುಕೊಳ್ಳಲಿ. ಅದರ ಪಾಸ್‌ವರ್ಡ್ ಬೇರೆ, ಡೊಮೇನ್‌ಗೆ (ಆಫೀಸಿನ ಕಂಪ್ಯೂಟರ್‌ಗಳ ಒಂದೇ ಲಾಗಿನ್ ವ್ಯವಸ್ಥೆಗೆ) ಸೇರಿಸಬೇಡಿ. ಸರ್ವರ್‌ಗೆ ಹೊಕ್ಕವನಿಗೆ ಬ್ಯಾಕಪ್ ಕೈಗೆ ಸಿಗಬಾರದು. ಸ್ನ್ಯಾಪ್‌ಶಾಟ್ (ಡೇಟಾ ಆಯಾ ಹೊತ್ತಿಗೆ ಇದ್ದ ಹಾಗೇ ಉಳಿಸಿಡುವುದು) ಆನ್ ಮಾಡಿ. ಮನೆಯಿಂದ ನೋಡೋಣ ಅಂತ ರೂಟರ್‌ನಲ್ಲಿ ಪೋರ್ಟ್ (ಹೊರಗಿನಿಂದ ಒಳಬರುವ ದಾರಿ) ತೆರೆಯಬೇಡಿ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಅನ್ನುವ ರ್‍ಯಾನ್ಸಮ್‌ವೇರ್ ಹಾಗೆ ಇಂಟರ್ನೆಟ್‌ಗೆ ತೆರೆದಿಟ್ಟ ನ್ಯಾಸ್‌ಗಳನ್ನೇ ಹುಡುಕಿಕೊಂಡು ಬಂದಿತ್ತು.

ಸಾಫ್ಟ್‌ವೇರ್‌ಗೆ ಈಗಲೇ ದುಡ್ಡು ಸುರಿಯಬೇಡಿ. ವೀಮ್ ಅನ್ನುವ ಬ್ಯಾಕಪ್ ಸಾಫ್ಟ್‌ವೇರ್‌ನ ಕಮ್ಯುನಿಟಿ ಎಡಿಷನ್ 10 ವರ್ಕ್‌ಲೋಡ್‌ವರೆಗೆ (ವರ್ಕ್‌ಲೋಡ್ ಅಂದರೆ ಬ್ಯಾಕಪ್ ತೆಗೆಯುವ ಸರ್ವರ್‌ನಂಥದ್ದು) ಉಚಿತ. ನ್ಯಾಸ್ ಮಾಡುವ ಸಿನಾಲಜಿ ಕಂಪನಿಯ ಕೆಲವು ಮಾಡೆಲ್‌ಗಳಲ್ಲಿ ಅವರದೇ ಬ್ಯಾಕಪ್ ಸಾಫ್ಟ್‌ವೇರ್ ಆ್ಯಕ್ಟಿವ್ ಬ್ಯಾಕಪ್ ಜೊತೆಗೇ ಬರುತ್ತದೆ, ಕಂಪ್ಯೂಟರ್ ಲೆಕ್ಕದಲ್ಲಿ ಲೈಸನ್ಸ್ ಕೇಳುವುದಿಲ್ಲ.

ಲೆಡ್ಜರ್, ಬೆಳಗಾವಿ

ನಾನು ಆಡಿಟರ್ ಆಫೀಸಿನವಳು, ಎರಡೇ ಮಾತು. ಟ್ಯಾಲಿ ತೆರೆದಿರುವಾಗ ಫೋಲ್ಡರ್ ಕಾಪಿ ಮಾಡಿದರೆ ಅರ್ಧಂಬರ್ಧ ಡೇಟಾ ಬರಬಹುದು, ಅದರಲ್ಲೇ ಇರುವ ಬ್ಯಾಕಪ್ ಬಳಸಿ. ನಿಮ್ಮದು ಪ್ರೈವೇಟ್ ಲಿಮಿಟೆಡ್ ಆಗಿದ್ದರೆ, 2022ರ ತಿದ್ದುಪಡಿ ನಂತರ ಕಂಪನಿಯ ಲೆಕ್ಕಪುಸ್ತಕದ ಬ್ಯಾಕಪ್ ದಿನಾ ಭಾರತದಲ್ಲಿರುವ ಸರ್ವರ್‌ನಲ್ಲಿ ಇರಬೇಕು. ಕ್ಲೌಡ್‌ನವನನ್ನು ಕೇಳಿ, ಮುಂಬೈಯಲ್ಲೋ ಸಿಂಗಾಪುರದಲ್ಲೋ ಅಂತ.

ಆ ಅಕ್ಕನ ಸಂಬಳ ಜಾಸ್ತಿ ಮಾಡಲು ಹೇಳಿ.

ಉದ್ಯಮಬಾಗ್ ವೈರ್‌ಮನ್, ಬೆಳಗಾವಿ

ಎಲ್ಲರಿಗೂ ಧನ್ಯವಾದ. ತಿಂಗಳಾಯಿತು, ಆದದ್ದನ್ನು ಹೇಳುತ್ತೇನೆ.

ಮಾಲಕರನ್ನು ಆ ಎರಡು ಪ್ರಶ್ನೆ ಕೇಳಿದೆ. ಏನೂ ಹೋಗಬಾರದು, ಒಂದು ನಿಮಿಷವೂ ನಿಲ್ಲಬಾರದು ಅಂದರು. ಹಾಗಾದರೆ ಒಂದೂವರೆ ಲಕ್ಷ ಸಾಲದು ಅಂದೆ. ಸ್ವಲ್ಪ ಹೊತ್ತು ಫ್ಯಾನ್ ನೋಡಿ, "ಅರ್ಧ ದಿನ ನಡೀತದ" ಅಂದರು.

ಎರಡು ಡಿಸ್ಕಿನ ನ್ಯಾಸ್ ತಗೊಂಡು ಸ್ಟೋರ್ಸ್ ಕೋಣೆಯಲ್ಲಿಟ್ಟೆ. ರಾತ್ರಿ ಹೊತ್ತು ಅದು ತಾನೇ ಸರ್ವರ್‌ನಿಂದ ಡೇಟಾ ಎಳೆದುಕೊಳ್ಳುತ್ತದೆ. ಟ್ಯಾಲಿ ಮತ್ತು ನಮ್ಮದೇ ಡ್ರಾಯಿಂಗ್ ಮಾತ್ರ ಕ್ಲೌಡ್‌ಗೆ, ಸರ್ವರ್ ಮುಂಬೈಯಲ್ಲಿ. 30 ದಿನ ಯಾರೂ ಅಳಿಸಲು ಬಾರದಂತೆ ಲಾಕ್ ಹಾಕಿದ್ದೇನೆ, ನನಗೂ ಬರುವುದಿಲ್ಲ. ಎರಡು ಯುಎಸ್‌ಬಿ ಡಿಸ್ಕ್ ವಾರಕ್ಕೊಂದರಂತೆ ಸದಾಶಿವನಗರದ ಮಾಲಕರ ಮನೆಗೆ ಹೋಗುತ್ತವೆ. ಯುಪಿಎಸ್‌ಗೆ ಹೊಸ ಬ್ಯಾಟರಿ. ಉಳಿದ ದುಡ್ಡಿನ ಬಗ್ಗೆ ಮಾಲಕರು ಇನ್ನೂ ಕೇಳಿಲ್ಲ.

ಹೋದ ಶನಿವಾರ ಹಳೇ ಕಂಪ್ಯೂಟರ್ ಒಂದಕ್ಕೆ ಪೂರ್ತಿ ವಾಪಸ್ ತಂದು ನೋಡಿದೆ. ಐದು ಗಂಟೆ ಹಿಡಿಯಿತು. ಟ್ಯಾಲಿ ತೆರೆದು ಅಕ್ಕನನ್ನು ಕರೆದು ಕೂರಿಸಿದೆ. ಹಿಂದಿನ ದಿನದ ಕೊನೆಯ ಮೂರು ಬಿಲ್ ನೋಡಿದರು, ನಗದು ಬಾಕಿ ನೋಡಿದರು, ಸರಿ ಇದೆ ಅಂದರು. ಆಮೇಲೆ ಎದ್ದು ಹೋಗಿ ಪೆನ್‌ಡ್ರೈವ್ ತಂದು ಚುಚ್ಚಿದರು.