ಸಹಾಯ ಬೇಕು: ಹಳೇ ಲ್ಯಾಪ್‌ಟಾಪ್‌ಗೆ ಕಡಿಮೆ ಖರ್ಚಿನಲ್ಲಿ ರ‍್ಯಾಮ್ ಹಾಕಿಸಬೇಕು

ಎಲ್ಲರಿಗೂ ನಮಸ್ಕಾರ. ತಂಗಿ ಬಿಕಾಂ ಓದುತ್ತಿದ್ದಾಳೆ, ನನ್ನ ಹಳೇ ಲ್ಯಾಪ್‌ಟಾಪನ್ನೇ ಅವಳಿಗೆ ಕೊಡೋಣ ಅಂತಿದ್ದೇನೆ. ಐ3-8130ಯು ಪ್ರೊಸೆಸರ್, 4 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ. ಟ್ಯಾಲಿ ಜೊತೆ ಕ್ರೋಮ್‌ನಲ್ಲಿ ನಾಲ್ಕೈದು ಟ್ಯಾಬ್ ತೆರೆದರೆ ಸಾಕು, ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಶೇ 95 ದಾಟುತ್ತದೆ, ಮೌಸ್ ಬಾಣ ಕೂಡ ನಿಂತು ನಿಂತು ಓಡುತ್ತದೆ. ಸಿಪಿಯು ಮಾತ್ರ ಆರಾಮಾಗಿರುತ್ತದೆ. ಅಂದರೆ ಕೊರತೆ ರ‍್ಯಾಮ್‌ದೇ ಅಲ್ವಾ?

ಹಿಂದಿನ ಮುಚ್ಚಳ ಬಿಚ್ಚಿ ನೋಡಿದೆ. 4 ಜಿಬಿಯನ್ನು ಬೋರ್ಡ್‌ಗೇ ಬೆಸುಗೆ ಹಾಕಿದ್ದಾರೆ, ಪಕ್ಕದಲ್ಲಿ ಒಂದು ಸ್ಲಾಟ್ ಖಾಲಿ ಇದೆ. ಮೆಮೊರಿ ಮಾದರಿ ಡಿಡಿಆರ್4, ವೇಗ 2400. ಅಂಗಡಿಗಳಲ್ಲಿ ಜಾಸ್ತಿ ತೋರಿಸುವುದು 3200ರ ಸ್ಟಿಕ್. ಹಾಕಿದರೂ 2400ರ ವೇಗದಲ್ಲೇ ಓಡುತ್ತದೆ ಅಂತ ಗೊತ್ತು, ಅದಕ್ಕೆ ಬೇಜಾರಿಲ್ಲ. ಇದೇ ಪ್ರೊಸೆಸರ್‌ಗೆ 3200 ಹಾಕಿದವರು ಯಾರಾದರೂ ಇದ್ದೀರಾ? ಸರಿಯಾಗಿ ಬೂಟ್ ಆಗುತ್ತಾ?

ಬಜೆಟ್ 2,000 ರೂಪಾಯಿ. ಹೊಸ 8 ಜಿಬಿ ಬೆಲೆ ಕೇಳಿ ಸುಸ್ತಾದೆ, ಹಾಗಾಗಿ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಸೆಕೆಂಡ್ ಹ್ಯಾಂಡ್ ನೋಡುವ ಯೋಚನೆ. ಅಂಗಡಿಯಲ್ಲೇ ಹಾಕಿಸಿ ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಓಡಿಸಿದರೆ ಸಾಕಾ, ಅಥವಾ ಮನೆಗೆ ತಂದು ರಾತ್ರಿಯಿಡೀ ಮೆಮ್‌ಟೆಸ್ಟ್ (ಮೆಮೊರಿ ಪರೀಕ್ಷಿಸುವ ಸಾಫ್ಟ್‌ವೇರ್) ಹಾಕಲೇಬೇಕಾ? ಹಾಗಾದರೆ ಒಂದು ವಾರವಾದರೂ ವಾಪಸ್ ತಗೊಳ್ಳುವ ಅಂಗಡಿ ಬೇಕು. ಗೊತ್ತಿದ್ದರೆ ದಯವಿಟ್ಟು ತಿಳಿಸಿ.

"ಹೊಸ ಲ್ಯಾಪ್‌ಟಾಪ್ ತಗೊಳ್ಳಿ" ಅಂತ ಮಾತ್ರ ಹೇಳಬೇಡಿ, ಅದನ್ನು ನಮ್ಮ ಏರಿಯಾದ ಅಂಗಡಿಯವರು ಆಗಲೇ ಹೇಳಿಯಾಗಿದೆ!