ಒಪ್ಪಿಕೊಂಡವನನ್ನೂ ಬಿಟ್ಟರಾ?

(ಗುಂಪು: ನಮ್ಮ ಮನೆ ಬಳಗ)

ದೊಡ್ಡಪ್ಪ: [ಸುದ್ದಿ ಕೊಂಡಿ: ನಿಠಾರಿ ಹತ್ಯೆಗಳ ಕೊನೆಯ ಕೇಸಿನಲ್ಲೂ ಸುರೇಂದ್ರ ಕೋಲಿ ಖುಲಾಸೆ]

ದೊಡ್ಡಪ್ಪ: ನೋಡಿ ನಮ್ಮ ದೇಶದ ನ್ಯಾಯ. ದೆಹಲಿ ಪಕ್ಕದ ನೋಯ್ಡಾದ ನಿಠಾರಿಯಲ್ಲಿ ಮನೆಗೆಲಸಕ್ಕಿದ್ದವನು ಈ ಕೋಲಿ. ಮ್ಯಾಜಿಸ್ಟ್ರೇಟ್ ಮುಂದೆ ಕೂತು ತಾನೇ ಕೊಂದೆ ಎಂದು ಒಪ್ಪಿಕೊಂಡವನು. ಈಗ 2025ರಲ್ಲಿ ನಿರ್ದೋಷಿಯಂತೆ. ಹಾಗಾದರೆ ಆ ಮಕ್ಕಳ ಮೂಳೆಗಳು ತಾವಾಗಿಯೇ ಮೋರಿಗೆ ನಡೆದುಕೊಂಡು ಹೋದವಾ?

ರಾಜಿ ಚಿಕ್ಕಮ್ಮ: ಆ ಸುದ್ದಿ ಬಂದಾಗ ನಮ್ಮ ಮಕ್ಕಳೂ ಅದೇ ವಯಸ್ಸಿನವರು ಭಾವಯ್ಯ. ನೆನೆಸಿಕೊಂಡರೆ ಈಗಲೂ ಮೈ ನಡುಗುತ್ತೆ. ಇಂಥವನನ್ನು ಬಿಡುತ್ತಾರೆ ಅಂದರೆ ಏನು ಹೇಳೋದು.

ಪೊಲೀಸ್ ಮಾವ: ವಕೀಲರ ಕೈಚಳಕ. ಒಂದು ಸಹಿ ಇಲ್ಲ, ಒಂದು ತಾರೀಖು ತಪ್ಪು, ಅಷ್ಟೇ ಸಾಕು. ಕಷ್ಟಪಟ್ಟು ಹಿಡಿಯುವವರು ನಾವು, ಬಿಡಿಸಿಕೊಂಡು ಹೋಗುವವರು ಅವರು. ನಮ್ಮ ವಕೀಲಮ್ಮ ಎಲ್ಲಿ, ಆನ್‌ಲೈನ್ ಇದ್ದಾಳಲ್ಲ?

ನಾನು: ಇದ್ದೇನೆ ಮಾವ. ಕೋರ್ಟ್ ಕ್ಯಾಂಟೀನಿನಲ್ಲಿ ಕೂತಿದ್ದೇನೆ, ಊಟದ ಬಿಡುವು. ಆ ತೀರ್ಪು ಓದಿದ್ದೇನೆ, ಅದಕ್ಕೇ ಸುಮ್ನೆ ಇರೋಕೆ ಆಗ್ತಿಲ್ಲ.

ದೊಡ್ಡಪ್ಪ, ಒಪ್ಪಿಕೊಂಡ ಅಂದಿರಿ. ಸರಿ. ಎಷ್ಟು ದಿನ ಆದಮೇಲೆ ಒಪ್ಪಿಕೊಂಡ ಗೊತ್ತಾ? ಮೂಳೆ ಸಿಕ್ಕಿದ್ದು 2006ರ ಡಿಸೆಂಬರ್ 29ಕ್ಕೆ. ಮ್ಯಾಜಿಸ್ಟ್ರೇಟ್ ಮುಂದೆ ಹೇಳಿಕೆ ದಾಖಲಾಗಿದ್ದು 2007ರ ಮಾರ್ಚ್ 1ಕ್ಕೆ. ನಡುವೆ ಸುಮಾರು 60 ದಿನ ಕಸ್ಟಡಿ. ಅಷ್ಟೂ ದಿನದಲ್ಲಿ ಸರಿಯಾದ ವೈದ್ಯಕೀಯ ತಪಾಸಣೆ ಇಲ್ಲ, ವಕೀಲರ ನೆರವು ಇಲ್ಲ.

ದೊಡ್ಡಪ್ಪ: 60 ದಿನ ಅಲ್ಲ, 600 ದಿನ ಇಡಲಿ. ನಾನು ಮಾಡದ ಕೊಲೆಯನ್ನು ನಾನು ಮಾಡಿದೆ ಎಂದು ಹೇಳುತ್ತೇನಾ? ಅದೂ ಮಕ್ಕಳ ಕೊಲೆ. ಯಾರಾದರೂ ಹೇಳುತ್ತಾರಾ?

ಪೊಲೀಸ್ ಮಾವ: 😐

ನಾನು: ಮಾವ ಆ ಮುಖ ಹಾಕಿದ್ದು ಯಾಕೆ ಅಂತ ನನಗೆ ಗೊತ್ತು. ನೀವೇ ಹೇಳಿ, ಹೇಳುತ್ತಾರಾ ಇಲ್ಲವಾ?

ಪೊಲೀಸ್ ಮಾವ: ಕೆಲವರು ಎರಡನೇ ದಿನಕ್ಕೇ ಹೇಳುತ್ತಾರೆ. ಮಾಡಿದ್ದನ್ನೂ ಹೇಳುತ್ತಾರೆ, ಮಾಡದ್ದನ್ನೂ ಹೇಳುತ್ತಾರೆ. ಆದರೆ ನನ್ನ ಅನುಭವದಲ್ಲಿ ಹೇಳಿದ್ದರಲ್ಲಿ ಜಾಸ್ತಿ ನಿಜವೇ ಇರುತ್ತಿತ್ತು, ಅದನ್ನೂ ಬರೆದುಕೋ.

ನಾನು: ಬರೆದುಕೊಂಡೆ. ಈಗ ಜಡ್ಜ್ ಜಾಗದಲ್ಲಿ ನೀವು ಕೂತಿದ್ದೀರಿ ಅಂದುಕೊಳ್ಳಿ. ಎದುರಿಗಿರುವುದು ಆ ‘ಜಾಸ್ತಿ’ಯಲ್ಲಿ ಸೇರಿದ್ದಾ, ಉಳಿದದ್ದರಲ್ಲಿ ಸೇರಿದ್ದಾ? ಮುಖ ನೋಡಿ ಹೇಳೋಕೆ ಆಗಲ್ಲ. ಅದಕ್ಕೇ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವ ಹಾಗಿಲ್ಲ ಎಂದು 1872ರ ಸಾಕ್ಷ್ಯ ಕಾಯ್ದೆಯ 25ನೇ ಸೆಕ್ಷನ್ನಿನಲ್ಲೇ ಇತ್ತು. ಆ ಕಾನೂನು ಮಾಡಿದವರು ಬ್ರಿಟಿಷರು. ಅವರಿಗೇ ತಮ್ಮ ಪೊಲೀಸರ ಮೇಲೆ ಅಷ್ಟು ನಂಬಿಕೆ. 😄 ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದೇ ಮಾತು 23ನೇ ಸೆಕ್ಷನ್‌ಗೆ ಬಂದಿದೆ, 2024ರ ಜುಲೈ 1ರಿಂದ ಜಾರಿಯಲ್ಲಿದೆ.

ದೊಡ್ಡಪ್ಪ: ಪೊಲೀಸರ ಮಾತು ಬಿಡು. ನಾನು ಹೇಳಿದ್ದು ಮ್ಯಾಜಿಸ್ಟ್ರೇಟ್ ಮುಂದಿನದು.

ನಾನು: ಅಲ್ಲಿಗೇ ಬರುತ್ತಿದ್ದೇನೆ. ಮ್ಯಾಜಿಸ್ಟ್ರೇಟ್ ಮುಂದೆ ಕೊಟ್ಟದ್ದು ಸಾಕ್ಷ್ಯ ಆಗುತ್ತೆ, ನಿಮ್ಮ ಮಾತು ಸರಿ. ಆದರೆ ಮ್ಯಾಜಿಸ್ಟ್ರೇಟ್ ಬರೀ ಟೈಪಿಸ್ಟ್ ಅಲ್ಲ. ‘ನೀನು ಹೇಳಲೇಬೇಕು ಅಂತೇನಿಲ್ಲ, ಹೇಳಿದರೆ ನಿನ್ನ ವಿರುದ್ಧವೇ ಬಳಸಬಹುದು’ ಎಂದು ತಿಳಿಸಬೇಕು. ಸ್ವಂತ ಇಚ್ಛೆಯಿಂದ ಹೇಳುತ್ತಿದ್ದಾನೆ ಎಂದು ಪ್ರಶ್ನೆ ಕೇಳಿ ತಾವೇ ಖಾತ್ರಿ ಮಾಡಿಕೊಂಡು, ಅದನ್ನು ಬರೆದು ಸಹಿ ಹಾಕಬೇಕು. ಪೊಲೀಸರ ಕೈಯಿಂದ ಬಂದವನಿಗೆ ಯೋಚಿಸಲು ಸಾಮಾನ್ಯವಾಗಿ 24 ಗಂಟೆಯಾದರೂ ಕೊಡಿ ಎಂದು ಸುಪ್ರೀಂ ಕೋರ್ಟ್ 1957ರಲ್ಲೇ ಹೇಳಿದೆ. ‘ನಾನು ಹೇಳಲ್ಲ’ ಅಂದುಬಿಟ್ಟರೆ ಅವನನ್ನು ವಾಪಸ್ ಪೊಲೀಸ್ ಕಸ್ಟಡಿಗೆ ಕಳಿಸುವ ಹಾಗಿಲ್ಲ. ಈ ಕೊನೇದು ಮುಖ್ಯ. ಸಂಜೆ ಮತ್ತೆ ಅದೇ ಸ್ಟೇಷನ್ನಿಗೆ ಹೋಗಬೇಕು ಅನ್ನುವವನು ಬೆಳಗ್ಗೆ ಕೋರ್ಟಿನಲ್ಲಿ ಏನು ತಾನೇ ಹೇಳಿಯಾನು?

ಕೋಲಿ ಕೇಸಿನಲ್ಲಿ ಹೇಳಿಕೆ ಶುರುವಾಗುವಾಗ ತನಿಖಾಧಿಕಾರಿ ಅಲ್ಲೇ ಇದ್ದರು. ಮ್ಯಾಜಿಸ್ಟ್ರೇಟ್ ತಮಗೆ ಖಾತ್ರಿಯಾಗಿದೆ ಎಂದು ಸ್ಪಷ್ಟವಾಗಿ ಬರೆಯಲಿಲ್ಲ. ಇದಕ್ಕಿಂತ ಜಾಸ್ತಿ ತಲೆ ಕೆಡಿಸಿದ್ದು ಇನ್ನೊಂದು. ಅದೇ ಹೇಳಿಕೆಯ ಒಳಗೇ ತನಗೆ ಹಿಂಸೆ ಕೊಟ್ಟರು, ಹೀಗೆ ಹೀಗೆ ಹೇಳು ಎಂದು ಕಲಿಸಿಕೊಟ್ಟರು ಅನ್ನುವ ಮಾತು ಮತ್ತೆ ಮತ್ತೆ ಬರುತ್ತೆ. ದೊಡ್ಡಪ್ಪ, ನೀವು ಹೆಡ್‌ಮಾಸ್ಟರ್ ಆಗಿದ್ದವರು. ಹುಡುಗ ಉತ್ತರ ಪತ್ರಿಕೆಯಲ್ಲೇ ‘ಇದನ್ನು ಮೇಷ್ಟ್ರು ಹೇಳಿಕೊಟ್ಟರು’ ಎಂದು ಬರೆದಿಟ್ಟರೆ ಮಾರ್ಕ್ಸ್ ಕೊಡುತ್ತೀರಾ?

ದೊಡ್ಡಪ್ಪ: ಉತ್ತರ ಸರಿಯಿದ್ದರೆ?

ಭಾವ (ಬೆಂಗಳೂರು): ಹಹ್ಹಾ ದೊಡ್ಡಪ್ಪ ಒಂದು ರನ್ 😂

ನಾನು: ಒಳ್ಳೆ ಪ್ರಶ್ನೆಯೇ. ಉತ್ತರ ಸರಿಯಿದೆಯಾ ಅಂತ ನೋಡೋಣ. ಹೇಳಿಕೆಯ ಆಚೆ ಏನಿತ್ತು? ಕೋಲಿ ಕೆಲಸಕ್ಕಿದ್ದ ಆ ಡಿ-5 ಮನೆ, ನೋಯ್ಡಾ ಸೆಕ್ಟರ್ 31. ಮನೆಯೊಳಗೇ ಅಷ್ಟು ಜನರನ್ನು ಕೊಂದು ಕತ್ತರಿಸಿದ ಎಂಬ ಆರೋಪ. ಪರಿಣತರ ತಂಡಗಳು ಹೋಗಿ ಮನೆ ಜಾಲಾಡಿದವು. ಒಳಗೆ ಅಷ್ಟು ಕೊಲೆ ನಡೆದದ್ದಕ್ಕೆ ತಕ್ಕ ರಕ್ತದ ಕಲೆ, ದೇಹದ ಭಾಗ ಸಿಗಲಿಲ್ಲ. ಶವಗಳನ್ನು ಕತ್ತರಿಸಿದ ರೀತಿ ಅಂಥ ತರಬೇತಿ ಏನೂ ಇಲ್ಲದ ಒಬ್ಬ ಮನೆಗೆಲಸದವನಿಗೆ ಸಾಧ್ಯವಾ ಅನ್ನುವ ಪ್ರಶ್ನೆಗೂ ಉತ್ತರ ಬರಲಿಲ್ಲ.

ಪೊಲೀಸ್ ಮಾವ: ಆದರೆ ಮೂಳೆ ಇರುವ ಜಾಗ ಅವನೇ ತೋರಿಸಿದ್ದಲ್ವಾ? ಪೊಲೀಸರಿಗೆ ಹೇಳಿದ್ದು ಬಿದ್ದುಹೋದರೂ, ಹೇಳಿದ್ದರಿಂದ ವಸ್ತು ಸಿಕ್ಕರೆ ಅಷ್ಟು ಭಾಗ ನಿಲ್ಲುತ್ತೆ. ಹಳೇ 27ನೇ ಸೆಕ್ಷನ್. ನಮ್ಮ ಅರ್ಧ ಕೇಸುಗಳು ನಿಂತಿದ್ದೇ ಅದರ ಮೇಲೆ.

ನಾನು: ಮಾವ, ಅದು ನಿಲ್ಲಬೇಕಾದರೆ ಮೊದಲು ಏನು ಆಗಬೇಕು? ನೀವೇ ಗುಂಪಿಗೆ ಹೇಳಿ. ನಾನು ಹೇಳಿದರೆ ವಕೀಲರ ಕೈಚಳಕ ಆಗುತ್ತೆ.

ಪೊಲೀಸ್ ಮಾವ: ಆರೋಪಿ ಏನು ಹೇಳಿದ ಅನ್ನುವುದನ್ನು ಮೊದಲು ಬರೆದುಕೊಳ್ಳಬೇಕು. ಪಂಚರನ್ನು ಕರೆಯಬೇಕು. ಅವನು ಮುಂದೆ, ನಾವು ಹಿಂದೆ. ಅವನು ತೋರಿಸಿದ ಮೇಲೆ ಅಗೆಯಬೇಕು. ಅಲ್ಲೇ ಮಹಜರು ಬರೆದು ಸಹಿ ಹಾಕಿಸಬೇಕು. ಮೊದಲೇ ಗೊತ್ತಿರುವ ಜಾಗ ಆದರೆ ಪ್ರಯೋಜನ ಇಲ್ಲ.

ನಾನು: ನಿಠಾರಿಯಲ್ಲಿ ಅವನು ಹೇಳಿದ ಎನ್ನುವ ಮಾತು ಆ ಹೊತ್ತಿಗೆ ದಾಖಲಾಗಿಲ್ಲ. ಅಲ್ಲಿ ಮೂಳೆ ಇದೆ ಎಂದು ಪೊಲೀಸರಿಗೂ ಊರಿನವರಿಗೂ ಮೊದಲೇ ಗೊತ್ತಿತ್ತು. ಅವನನ್ನು ಕರೆದುಕೊಂಡು ಬರುವ ಹೊತ್ತಿಗೆ ಅಗೆಯುವುದು ಶುರುವಾಗಿತ್ತು. ಇದೂ ಸಾಲದು ಅನ್ನುವ ಹಾಗೆ, ಮೊದಲು ಮನೆ ಯಜಮಾನ ಪಂಢೇರ್ ಮತ್ತು ಕೋಲಿ ಇಬ್ಬರೂ ತೋರಿಸಿದರು ಅಂದವರು ಆಮೇಲೆ ಕೋಲಿ ಒಬ್ಬನೇ ತೋರಿಸಿದ ಅಂದರು.

ಪೊಲೀಸ್ ಮಾವ: ಮೊದಲೇ ಅಗೆದಿದ್ದರಾ?

ಪೊಲೀಸ್ ಮಾವ: ಹಾಗಾದರೆ 27 ಹೋಯಿತು. ಅಷ್ಟು ದೊಡ್ಡ ಕೇಸಿನಲ್ಲಿ ಇಂಥ ಕೆಲಸ ಮಾಡುತ್ತಾರಾ.

ಭಾವ (ಬೆಂಗಳೂರು): ಇದೆಲ್ಲ ಹಳೇ ಕಾಲದ ಪೇಪರ್ ವರ್ಕ್. ನಾರ್ಕೋ, ಬ್ರೈನ್ ಮ್ಯಾಪಿಂಗ್ ಇದೆಯಲ್ಲ? ಇಂಜೆಕ್ಷನ್ ಕೊಟ್ಟರೆ ಸತ್ಯ ಹೊರಬರುತ್ತೆ. ಜಗಳವೇ ಬೇಡ.

ನಾನು: ಭಾವ, ಆ ವಿಷಯದ ದೊಡ್ಡ ತೀರ್ಪಿನ ಹೆಸರೇ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ, 2010. ಒಪ್ಪಿಗೆ ಇಲ್ಲದೆ ನಾರ್ಕೋ, ಪಾಲಿಗ್ರಾಫ್ (ಸುಳ್ಳು ಪತ್ತೆ ಪರೀಕ್ಷೆ), ಬ್ರೈನ್ ಮ್ಯಾಪಿಂಗ್ ಮಾಡುವ ಹಾಗಿಲ್ಲ. ಒಪ್ಪಿಕೊಂಡು ಮಾಡಿಸಿಕೊಂಡರೂ ಅಮಲಿನಲ್ಲಿ ಹೇಳಿದ ಮಾತು ಸಾಕ್ಷ್ಯ ಅಲ್ಲ. ಆ ಇಂಜೆಕ್ಷನ್‌ನಲ್ಲಿ ಸತ್ಯದ ಔಷಧಿ ಏನಿಲ್ಲ, ಮಂಪರು ಬರಿಸುತ್ತೆ ಅಷ್ಟೇ. ಮಂಪರಿನಲ್ಲಿ ಕಲ್ಪನೆಯೂ ಬರುತ್ತೆ, ಕೇಳುವವರು ಬಾಯಿಗೆ ಹಾಕಿದ ಮಾತೂ ಬರುತ್ತೆ.

ದೊಡ್ಡಪ್ಪ: ನನ್ನ ಒಂದು ಪ್ರಶ್ನೆಗೆ ನೀನು ಇನ್ನೂ ಬಂದಿಲ್ಲ. 2011ರಲ್ಲಿ ಇದೇ ಸುಪ್ರೀಂ ಕೋರ್ಟ್ ಇದೇ ತಪ್ಪೊಪ್ಪಿಗೆ ನಂಬಿ ಗಲ್ಲು ಖಾಯಂ ಮಾಡಿತ್ತು. ಈ ಸುದ್ದಿಯಲ್ಲೇ ಇದೆ. ಆವತ್ತಿನ ಜಡ್ಜ್‌ಗಳಿಗೆ ಕಾಣದ್ದು ಇವತ್ತಿನವರಿಗೆ ಕಂಡಿತಾ? ನಾಳೆ ಇನ್ನೊಬ್ಬರಿಗೆ ಇನ್ನೇನೋ ಕಾಣುತ್ತೆ.

ನಾನು: ಇದು ಗಟ್ಟಿ ಪ್ರಶ್ನೆ. ಕೋರ್ಟಿಗೂ ಇದೇ ಕಷ್ಟ ಆಗಿದ್ದು. ಕೆಳಗಿನ ಕೋರ್ಟಿನಲ್ಲಿ ಅವನಿಗೆ ಶಿಕ್ಷೆಯಾದದ್ದು ಒಟ್ಟು 13 ಕೇಸಿನಲ್ಲಿ. ಒಂದರಲ್ಲಿ 2011ಕ್ಕೆ ಶಿಕ್ಷೆ ಅಂತಿಮ ಆಯಿತು. ಉಳಿದ 12ರಲ್ಲಿ ಅಲಹಾಬಾದ್ ಹೈಕೋರ್ಟ್ 2023ರ ಅಕ್ಟೋಬರ್ 16ಕ್ಕೆ ಖುಲಾಸೆ ಮಾಡಿತು. ತಪ್ಪೊಪ್ಪಿಗೆ ಅದೇ, ಮೂಳೆ ಸಿಕ್ಕ ಕಥೆ ಅದೇ. 2025ರ ಜುಲೈ 30ಕ್ಕೆ ಸುಪ್ರೀಂ ಕೋರ್ಟ್ ಆ ಖುಲಾಸೆಯನ್ನು ಎತ್ತಿಹಿಡಿಯಿತು. ಈಗ ಒಂದೇ ಹಾಳೆ 12 ಕೇಸಿನಲ್ಲಿ ನಂಬಲು ಯೋಗ್ಯ ಅಲ್ಲ, 13ನೇದರಲ್ಲಿ ಮಾತ್ರ ಶಿಕ್ಷೆಗೆ ಸಾಕು. ಇದನ್ನು ಇಟ್ಟುಕೊಂಡು ಯಾವ ಕೋರ್ಟ್ ತಲೆಯೆತ್ತಿ ಕೂರುತ್ತೆ ಹೇಳಿ? ಅದಕ್ಕೇ ನವೆಂಬರ್ 11ಕ್ಕೆ ಕ್ಯುರೇಟಿವ್ ಅರ್ಜಿ ಒಪ್ಪಿದರು. ಕ್ಯುರೇಟಿವ್ ಒಪ್ಪುವುದು ಅಂದರೆ ತೀರಾ ಅಪರೂಪ, ಮರುಪರಿಶೀಲನೆಯೂ ವಜಾ ಆದಮೇಲೆ ಉಳಿಯುವ ಕೊನೇ ಬಾಗಿಲು ಅದು.

ಇನ್ನೊಂದು ವಿಷಯ. 2014ರ ಸೆಪ್ಟೆಂಬರ್‌ನಲ್ಲಿ ಅವನನ್ನು ಗಲ್ಲಿಗೆ ಹಾಕಲು ಎಲ್ಲ ತಯಾರಾಗಿತ್ತು. ರಾತ್ರೋರಾತ್ರಿ ತಡೆ ಸಿಕ್ಕಿತು. 2015ರಲ್ಲಿ ಹೈಕೋರ್ಟ್ ಗಲ್ಲನ್ನು ಜೀವಾವಧಿಗೆ ಇಳಿಸಿತು. ಆಗ ಕಾರಣ ಸಾಕ್ಷ್ಯದ್ದಲ್ಲ, ಕ್ಷಮಾದಾನ ಅರ್ಜಿ ತೀರ್ಮಾನ ಮಾಡಲು ವಿಪರೀತ ತಡ ಮಾಡಿದ್ದಕ್ಕೆ. ಸರ್ಕಾರಿ ಫೈಲು ನಿಧಾನವಾಗಿ ಓಡಿದ್ದಕ್ಕೆ ಒಬ್ಬ ಮನುಷ್ಯ ಬದುಕಿ ಉಳಿದು ಖುಲಾಸೆ ಆದ. ಫೈಲು ಬೇಗ ಓಡಿದ್ದರೆ ಇವತ್ತು ಈ ತೀರ್ಪನ್ನು ಯಾರಿಗೆ ಕೊಡಬೇಕಿತ್ತು?

ರಾಜಿ ಚಿಕ್ಕಮ್ಮ: ನೀನು ಹೇಳುವುದೆಲ್ಲ ಅವನ ಕಡೆಯಿಂದ. ಆ ತಾಯಂದಿರ ಕಡೆಯಿಂದ ಒಂದು ಮಾತು ಹೇಳು.

ನಾನು: ಚಿಕ್ಕಮ್ಮ, ಈ ಕೇಸಿನಲ್ಲಿ ನನಗೆ ಹೊಟ್ಟೆ ಉರಿಯುವುದು ಅಲ್ಲೇ. ನಿಠಾರಿಯ ಬಡವರ ಮಕ್ಕಳು ಒಬ್ಬೊಬ್ಬರಾಗಿ ಕಾಣೆಯಾಗುತ್ತಿದ್ದಾಗ ಅಪ್ಪ ಅಮ್ಮ ಸ್ಟೇಷನ್ನಿಗೆ ಅಲೆದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೂಳೆ ಸಿಕ್ಕಿ ದೇಶವೆಲ್ಲ ಕೂಗಾಡಿದ ಮೇಲೆ ಕೈಗೆ ಸಿಕ್ಕಿದ ಒಬ್ಬನ ಬಾಯಿಂದ ಎಲ್ಲ ಕೊಲೆ ಹೇಳಿಸಿದರು, ಕೇಸ್ ಮುಗಿಯಿತು ಅಂದರು. ತಪ್ಪೊಪ್ಪಿಗೆ ಕೈಗೆ ಬಂದರೆ ಆಗುವ ಅನಾಹುತ ಇದು. ಬೇರೆ ದಿಕ್ಕಿನಲ್ಲಿ ಹುಡುಕುವುದೇ ನಿಂತುಹೋಗುತ್ತೆ. ಅಂಗಾಂಗ ವ್ಯಾಪಾರ ಇರಬಹುದಾ ನೋಡಿ ಎಂದು ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ ಸಮಿತಿಯೇ ಹೇಳಿತ್ತು. ಅದನ್ನು ನೋಡದೆ ಬಡ ಕೆಲಸದವನನ್ನು ರಾಕ್ಷಸ ಮಾಡುವ ಸುಲಭದ ದಾರಿ ಹಿಡಿದರು ಎಂದು ಹೈಕೋರ್ಟ್ ನೇರವಾಗಿ ಬರೆದಿದೆ. ಅಂಗಾಂಗ ವ್ಯಾಪಾರವೇ ಆಗಿತ್ತು ಅಂತ ನಾನು ಹೇಳುತ್ತಿಲ್ಲ. ನೋಡಲೇ ಇಲ್ಲ ಅಂತ ಹೇಳುತ್ತಿದ್ದೇನೆ. ಆ ತಾಯಂದಿರಿಗೆ ಮೋಸ ಆಗಿದ್ದು 2007ರಲ್ಲಿ. 2025ರ ಕೋರ್ಟ್ ಅದನ್ನು ಬಾಯಿಬಿಟ್ಟು ಹೇಳಿತು.

ರಾಜಿ ಚಿಕ್ಕಮ್ಮ: ಹೂಂ. ಹಾಗಾದರೆ ಮಾಡಿದವರು ಯಾರೋ, ಇನ್ನೂ ಹೊರಗೇ ಇದ್ದರೂ ಇರಬಹುದು.

ಭಾವ (ಬೆಂಗಳೂರು): ಅಥವಾ ಇವನೇ ಇದ್ದರೂ ಇರಬಹುದು. ಸಾಬೀತಾಗಲಿಲ್ಲ ಅಷ್ಟೇ.

ನಾನು: ಎರಡೂ ಇರಬಹುದು ಭಾವ. ಕೊಲೆ ಕೇಸಿನಲ್ಲಿ ‘ಮಾಡಿರಬಹುದು’ ಎಂಬಲ್ಲಿಂದ ‘ಇವನೇ ಮಾಡಿದ್ದು, ಬೇರೆ ದಾರಿಯೇ ಇಲ್ಲ’ ಎಂಬಲ್ಲಿಗೆ ಪ್ರಾಸಿಕ್ಯೂಷನ್ ಕರೆದುಕೊಂಡು ಹೋಗಬೇಕು. ನಡುವೆ ಸೇತುವೆ ಇಲ್ಲದಿದ್ದರೆ ಜಡ್ಜ್ ಹಾರುವ ಹಾಗಿಲ್ಲ.

ದೊಡ್ಡಪ್ಪ: ಎಲ್ಲದಕ್ಕೂ ಸಂಶಯ ಹುಡುಕುತ್ತಾ ಹೋದರೆ ಯಾರಿಗೂ ಶಿಕ್ಷೆ ಆಗಲ್ಲ ಮಗಳೇ. ಸೂರ್ಯ ನಾಳೆ ಹುಟ್ಟುತ್ತಾನಾ ಅಂತಲೂ ಸಂಶಯ ಪಡಬಹುದು.

ನಾನು: ಅಂಥ ಸಂಶಯಕ್ಕೆ ಕೋರ್ಟೂ ಬೆಲೆ ಕೊಡಲ್ಲ ದೊಡ್ಡಪ್ಪ. ಸಂಶಯಕ್ಕೆ ಕಾರಣ ತೋರಿಸಬೇಕು, ಕಾರಣ ಫೈಲಿನಲ್ಲಿ ಇರಬೇಕು. ಇಲ್ಲಿ 60 ದಿನ, ದಾಖಲಾಗದ ಹೇಳಿಕೆ, ರಕ್ತ ಸಿಗದ ಮನೆ, ನಡುವೆ ಬದಲಾದ ಕಥೆ. ಇವು ಯಾವುವೂ ವಕೀಲರು ಗಾಳಿಯಲ್ಲಿ ಹುಟ್ಟಿಸಿದ್ದಲ್ಲ.

ದೆಹಲಿ ಕಡೆಯದು ದೂರ ಅನ್ನಿಸಿದರೆ ನಮ್ಮ ಕೊಡಗಿನದು ನೆನಪಿಸಿಕೊಳ್ಳಿ. ಕುಶಾಲನಗರದ ಹತ್ತಿರದ ಹಳ್ಳಿಯವರು. 2020ರಲ್ಲಿ ಹೆಂಡತಿ ಕಾಣೆ. ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಒಂದು ಅಸ್ಥಿಪಂಜರ ಸಿಕ್ಕಿತು. ಅದು ಆಕೆಯದೇ, ಕೊಂದದ್ದು ಗಂಡನೇ ಎಂದು ಚಾರ್ಜ್‌ಶೀಟ್ ಆಯಿತು. ಒಂದೂವರೆ ವರ್ಷಕ್ಕೂ ಜಾಸ್ತಿ ಜೈಲು. ಡಿಎನ್‌ಎ ಹೊಂದಲಿಲ್ಲ, ಆದರೂ ಕೇಸ್ ನಡೆಯುತ್ತಲೇ ಇತ್ತು. 2025ರ ಏಪ್ರಿಲ್‌ನಲ್ಲಿ ಆ ಹೆಂಡತಿ ಮಡಿಕೇರಿಯಲ್ಲಿ ಜೀವಂತ ಸಿಕ್ಕಿದರು. ಮೈಸೂರಿನ ಕೋರ್ಟಿಗೇ ಕರೆತಂದರು.

ಭಾವ (ಬೆಂಗಳೂರು): ಆಕೆ ಸಿಗದೇ ಹೋಗಿದ್ದರೆ? ಅಯ್ಯಪ್ಪ.

ಪೊಲೀಸ್ ಮಾವ: ಆ ಕೇಸ್ ನನಗೂ ಗೊತ್ತು. ಡಿಪಾರ್ಟ್‌ಮೆಂಟಿನವರೆಲ್ಲ ತಲೆ ತಗ್ಗಿಸುವ ಹಾಗಾಯಿತು. ಆದರೆ ಒಂದು ಹೇಳುತ್ತೇನೆ ಕೇಳು. ಮೇಲಿನವರು ದಿನಕ್ಕೆ ಮೂರು ಸಲ ಫೋನ್ ಮಾಡಿ ‘ಏನಾಯಿತು, ಡಿಟೆಕ್ಟ್ ಆಯಿತಾ’ ಅನ್ನುತ್ತಾರೆ. ಟಿವಿಯವರು ಗೇಟಿನ ಹತ್ತಿರ. ಎಫ್‌ಎಸ್‌ಎಲ್ (ಫೊರೆನ್ಸಿಕ್ ಲ್ಯಾಬ್) ವರದಿ ಬರಲು ತಿಂಗಳುಗಟ್ಟಲೆ. ಸ್ಟೇಷನ್ನಿನಲ್ಲಿ ಇರುವ ನಾಲ್ಕು ಜನ ಬಂದೋಬಸ್ತಿಗೂ ಹೋಗಬೇಕು, ತನಿಖೆಯನ್ನೂ ಮಾಡಬೇಕು. ಬಾಯಿಬಿಡಿಸುವುದೊಂದೇ ಬೇಗ ಆಗುವ ಕೆಲಸ. ತಪ್ಪೇ. ಆದರೆ ಯಾಕೆ ಹಾಗಾಗುತ್ತೆ ಅನ್ನುವುದನ್ನು ನಿಮ್ಮ ಜಡ್ಜ್‌ಗಳೂ ಬರೆಯಲಿ.

ನಾನು: ಈ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಮಾವ. ನಾನು ಕೋರ್ಟಿನಲ್ಲಿ ತನಿಖಾಧಿಕಾರಿಗೆ ಪಾಟೀಸವಾಲು ಹಾಕುವಾಗ ಇದನ್ನು ಯಾರೂ ಕೇಳಲ್ಲ.

ದೊಡ್ಡಪ್ಪ: ಸರಿ, ಈಗ ಮುಂದೇನು? ಮತ್ತೆ ತನಿಖೆ ಮಾಡುತ್ತಾರಾ?

ನಾನು: ಇಷ್ಟು ವರ್ಷ ಆದಮೇಲೆ ಏನು ಸಿಗುತ್ತೆ ದೊಡ್ಡಪ್ಪ. ಇಷ್ಟೆಲ್ಲ ತನಿಖೆ ನಡೆದರೂ ನಿಜವಾಗಿ ಮಾಡಿದವರು ಯಾರು ಅನ್ನುವುದು ಕಾನೂನು ಒಪ್ಪುವ ಹಾಗೆ ಸಾಬೀತಾಗಲಿಲ್ಲ ಎಂದು ಸುಪ್ರೀಂ ಕೋರ್ಟೇ ವಿಷಾದ ಪಟ್ಟಿದೆ. ಮೊದಲ ವಾರ ಕಾಪಾಡಿಕೊಳ್ಳಬೇಕಾಗಿದ್ದ ಜಾಗವನ್ನು ಕಾಪಾಡಲಿಲ್ಲ.

ದೊಡ್ಡಪ್ಪ: ನನಗೆ ಇನ್ನೂ ಅವನ ಮೇಲಿನ ಅನುಮಾನ ಹೋಗಿಲ್ಲ. ಆದರೆ 60 ದಿನದ ವಿಷಯ ಈ ಸುದ್ದಿಯಲ್ಲಿ ಒಂದು ಸಾಲೂ ಇಲ್ಲ. ತೀರ್ಪು ಇದ್ದರೆ ಕಳಿಸು, ಇಂಗ್ಲಿಷಾದರೂ ಪರವಾಗಿಲ್ಲ. ಓದಿ ಆಮೇಲೆ ನಿನ್ನ ಜೊತೆ ಜಗಳ ಮುಂದುವರಿಸುತ್ತೇನೆ.

ನಾನು: [ಪಿಡಿಎಫ್]

ಪೊಲೀಸ್ ಮಾವ: ಅಗೆದ ವಿಷಯ ಎಷ್ಟನೇ ಪುಟದಲ್ಲಿದೆ? ಮೊದಲು ಅದನ್ನು ನೋಡಬೇಕು.